ಎಳೆಯುವುದು ಬೇರೆ, ಹೊರುವುದು ಬೇರೆ

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಅಕ್ಕನ ಮಗನ ಫೋನು ಬಂತು. ಅವನಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ. ಅಲ್ಲಿ ಆಗ ಮಧ್ಯಾಹ್ನ, ಊಟದ ಬಿಡುವು. "ಮಾಮಾ, ಒಂದು ಟ್ರಕ್ ತಗೊಳ್ಳಾಕ ಹತ್ತೀನಿ. ನಿಮ್ಮನ್ನೊಂದು ಮಾತು ಕೇಳೂಣು ಅಂತ ಮಾಡಿದೆ" ಅಂದ. ನನಗೆ ನಗು ಬಂತು. ಸಾಫ್ಟ್‌ವೇರ್ ಕೆಲಸದ ಹುಡುಗನಿಗೆ ಟ್ರಕ್ ಯಾಕೆ? ಆದರೆ ಕೇಳುವವನು ಸರಿಯಾದ ಕಡೆಯೇ ಕೇಳಿದ್ದ. ನವಿ ಮುಂಬೈನ ಕಳಂಬೋಲಿಯಲ್ಲಿ, ಉಕ್ಕಿನ ಮಾರುಕಟ್ಟೆಯ ಪಕ್ಕದ ಒಂದು ಸಾರಿಗೆ ಕಚೇರಿಯಲ್ಲಿ ನಾನು ಇಪ್ಪತ್ತೆಂಟು ವರ್ಷ ಕಾಟಾ ಚೀಟಿಗಳನ್ನು ನೋಡುತ್ತ ಕೂತವನು. ಟ್ರಕ್ ಓಡಿಸಲು ಬರುವುದಿಲ್ಲ. ಅದರ ಮೇಲೆ ಎಷ್ಟು ಹೇರಬಹುದು ಎಂಬ ಲೆಕ್ಕ ಮಾತ್ರ ನಿದ್ದೆಯಲ್ಲೂ ಬರುತ್ತದೆ.

ಅವನ ಯೋಜನೆ ಇಷ್ಟು. ಕಚೇರಿಯವರು ಎಲ್ಲಿಂದ ಬೇಕಾದರೂ ಕೆಲಸ ಮಾಡಿ ಎಂದಿದ್ದಾರೆ. ಗಂಡ, ಹೆಂಡತಿ, ಎರಡು ಮಕ್ಕಳು ಒಂದು ವರ್ಷ ಚಕ್ರದ ಮನೆಯಲ್ಲಿದ್ದು ದೇಶ ನೋಡುವುದು. ಬರುವ ಬೇಸಿಗೆಗೆ ನನ್ನ ಅಕ್ಕ ಮತ್ತು ಭಾವನೂ ಎರಡು ತಿಂಗಳು ಅವರ ಜತೆ ಹೋಗುವುದು. ಮನೆ ಆಗಲೇ ಗೊತ್ತುಮಾಡಿಯಾಗಿತ್ತು: 38 ಅಡಿಯ ಫಿಫ್ತ್ ವ್ಹೀಲ್ ಟ್ರೇಲರ್. ಎರಡು ಮಲಗುವ ಕೋಣೆ, ನಡುವೆ ಕಟ್ಟೆಯಿರುವ ಅಡುಗೆಮನೆ, ನಿಲ್ಲಿಸಿದ ಮೇಲೆ ಗುಂಡಿ ಒತ್ತಿದರೆ ಹೊರಕ್ಕೆ ಚಾಚಿಕೊಳ್ಳುವ ಗೋಡೆಗಳು. ಅದನ್ನು ಎಳೆಯಲು ಒಂದು ಪಿಕಪ್ ಬೇಕು. ಡೀಲರ್ ಒಂದನ್ನು ತೋರಿಸಿದ್ದ. "ಆರಾಮ ಎಳಿತೈತಿ ಅಂತ ಹೇಳ್ಯಾನ ಮಾಮಾ."

"ಎಳಿತೈತಪಾ. ಹೊರತೈತೇನು?" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಈ ಬರಹ ಆ ಮೌನದ ಬಗ್ಗೆ. ನಿಮ್ಮಲ್ಲಿ ಅನೇಕರ ಮಕ್ಕಳು, ತಮ್ಮ ತಂಗಿಯರು ಆ ದೇಶದಲ್ಲಿದ್ದಾರೆ. ಇಂಥ ಮನೆಯ ಕನಸು ಕಂಡವರೂ ಇದ್ದಾರು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ದೊಡ್ಡ ಟ್ರೇಲರ್‌ಗೆ ಟ್ರಕ್ ಆರಿಸುವಾಗ ಜಾಹೀರಾತಿನ "ಎಳೆಯುವ ಶಕ್ತಿ"ಯನ್ನು ನೋಡಬೇಡಿ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿ ಓದಿ. ಲೆಕ್ಕ ಕೂಡದಿದ್ದರೆ ಟ್ರಕ್ ದೊಡ್ಡದು ಮಾಡಿ, ಇಲ್ಲವೇ ಮನೆ ಸಣ್ಣದು ಮಾಡಿ. ಮೂರನೆಯ ದಾರಿ ಇಲ್ಲ.

ಫಿಫ್ತ್ ವ್ಹೀಲ್ ಎಂಬ ಹೆಸರು ಕುದುರೆಗಾಡಿಯ ಕಾಲದ್ದು. ಗಾಡಿಯ ಮುಂದಿನ ಅಚ್ಚು ತಿರುಗಲೆಂದು ಅಡ್ಡಲಾಗಿ ಕೂರಿಸುತ್ತಿದ್ದ ಚಕ್ರವೇ ಐದನೆಯ ಚಕ್ರ. ನಮ್ಮ ನ್ಹಾವಾ ಶೇವಾ ಬಂದರಿನಿಂದ ಕಂಟೇನರ್ ಹೊತ್ತು ಬರುವ ಟ್ರೇಲರ್‌ಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಘೋಡಾದ ಬೆನ್ನ ಮೇಲಿನ ಎಣ್ಣೆ ಮೆತ್ತಿದ ಕಬ್ಬಿಣದ ತಟ್ಟೆ, ಅದರ ಬಾಯಿಗೆ ಬಂದು ಕೂರುವ ಟ್ರೇಲರಿನ ಕಿಂಗ್ ಪಿನ್. ಅಮೆರಿಕದವರು ಅದನ್ನೇ ಪಿಕಪ್‌ನ ಡಬ್ಬಿಯೊಳಗೆ, ಹಿಂದಿನ ಆಕ್ಸಲ್‌ನ ನೇರಕ್ಕೆ ಕೂರಿಸುತ್ತಾರೆ. ಇದರ ಲಾಭ ದೊಡ್ಡದು. ಬಂಪರಿಗೆ ಕಟ್ಟಿದ ಸಾಮಾನ್ಯ ಟ್ರೇಲರ್ ಗಾಳಿಗೆ ಬಾಲ ಆಡಿಸುವಂತೆ ಇದು ಆಡಿಸುವುದಿಲ್ಲ.

ಲಾಭದ ಬೆಲೆಯೂ ಅಲ್ಲಿಯೇ ಇದೆ. ಸಾಮಾನ್ಯ ಟ್ರೇಲರ್ ತನ್ನ ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟನ್ನು ಮುಂದಿನ ವಾಹನದ ಮೇಲೆ ಹಾಕುತ್ತದೆ. ಫಿಫ್ತ್ ವ್ಹೀಲ್ ಹಾಕುವುದು ನೂರಕ್ಕೆ 20ರಿಂದ 25. ಇದಕ್ಕೆ ಪಿನ್ ತೂಕ ಎನ್ನುತ್ತಾರೆ. ಟ್ರಕ್ ಇದನ್ನು ಎಳೆಯುವುದಿಲ್ಲ, ಬೆನ್ನ ಮೇಲೆ ಹೊರುತ್ತದೆ.

ಮರುದಿನ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಪೌಂಡುಗಳನ್ನು ಕೆಜಿ ಮಾಡಿ ಬರೆಯುತ್ತೇನೆ. ಅವನು ಮೆಚ್ಚಿದ ಟ್ರೇಲರಿನ ಗರಿಷ್ಠ ತೂಕ 15,000 ಪೌಂಡ್, ಅಂದರೆ ಸುಮಾರು 6,800 ಕೆಜಿ. ಕರಪತ್ರದಲ್ಲಿ ದಪ್ಪಕ್ಷರದಲ್ಲಿದ್ದ ಖಾಲಿ ತೂಕವನ್ನು ನಾನು ಹೊಡೆದುಹಾಕಿದೆ. ಖಾಲಿ ಮನೆಯಲ್ಲಿ ಯಾರೂ ಸಂಸಾರ ಮಾಡುವುದಿಲ್ಲ. ನೀರು, ಗ್ಯಾಸ್, ಬಟ್ಟೆ, ಪಾತ್ರೆ, ಮಕ್ಕಳ ಸೈಕಲ್ಲು ಸೇರಿ 6,500 ಕೆಜಿ ಎಂದು ಹಿಡಿದೆವು. ನೂರಕ್ಕೆ 21ರಂತೆ ಪಿನ್ ತೂಕ 1,365. ಡಬ್ಬಿಯೊಳಗಿನ ಹಿಚ್ 90. ಅವರು ನಾಲ್ವರು 200, ಅಕ್ಕ ಭಾವ 130. ಜನರೇಟರ್, ಉಪಕರಣ 65. ಒಟ್ಟು 1,850 ಕೆಜಿ.

ಡೀಲರ್ ತೋರಿಸಿದ್ದು ಮುಕ್ಕಾಲು ಟನ್ ವರ್ಗದ ಡೀಸೆಲ್ ಪಿಕಪ್. ಫೋರ್ಡ್‌ನಲ್ಲಿ ಎಫ್-250, ರಾಮ್‌ನಲ್ಲಿ 2500, ಶೆವರ್ಲೆಯಲ್ಲಿ 2500 ಎಚ್‌ಡಿ ಈ ವರ್ಗದವು. (ಈ "ಟನ್" ಹಳೆಯ ಕಾಲದ ಹೆಸರು, ಈಗಿನ ಸಾಮರ್ಥ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.) ಬಾಗಿಲ ಚೀಟಿಯ ಫೋಟೋ ಕಳಿಸು ಅಂದೆ. ಜನ ಮತ್ತು ಸಾಮಾನು ಸೇರಿ ಮೀರಬಾರದ ತೂಕ ಸುಮಾರು 1,040 ಕೆಜಿ ಎಂದಿತ್ತು. ನಮ್ಮ ಲೆಕ್ಕ ಅದನ್ನು 810 ಕೆಜಿ ಮೀರಿತ್ತು. ಅದೇ ಟ್ರಕ್ಕಿನ ಕರಪತ್ರದಲ್ಲಿ ಎಳೆಯುವ ಶಕ್ತಿ ಮಾತ್ರ ಅವನ ಟ್ರೇಲರಿಗಿಂತ ಹೆಚ್ಚೇ ಇತ್ತು!

ಡೀಲರ್ ಸುಳ್ಳು ಹೇಳಿರಲಿಲ್ಲ. ಎಳೆಯುವ ಶಕ್ತಿಯನ್ನು ಅಳೆಯಲು ಅಲ್ಲಿ ಎಸ್‌ಎಇ ಜೆ2807 ಎಂಬ ಮಾನದಂಡವಿದೆ. ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯ ಉದ್ದನೆಯ ಏರನ್ನು ನಿಗದಿತ ವೇಗ ಬಿಡದೆ ಹತ್ತುವುದು ಅದರ ಒಂದು ಭಾಗ. ಕಟ್ಟುನಿಟ್ಟಿನ ಪರೀಕ್ಷೆಯೇ ಸರಿ. ಆದರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಕೂರುವವರು ತಲಾ 68 ಕೆಜಿಯ ಇಬ್ಬರು. ಅಕ್ಕ, ಭಾವ, ಮಕ್ಕಳು, ಜನರೇಟರ್ ಯಾರೂ ಅದರಲ್ಲಿಲ್ಲ. ಮೇಲಾಗಿ ಒಳಗೆ ಚರ್ಮದ ಆಸನ, ಗಾಜಿನ ಚಾವಣಿ, ದೊಡ್ಡ ಡೀಸೆಲ್ ಎಂಜಿನ್ ಹೆಚ್ಚಾದಷ್ಟೂ ಟ್ರಕ್ಕಿನ ಸ್ವಂತ ತೂಕ ಏರಿ ಹೊರುವ ಪಾಲು ಇಳಿಯುತ್ತದೆ. ಬೆಲೆ ಜಾಸ್ತಿಯಾದ ಟ್ರಕ್ ಕಡಿಮೆ ಹೊರುವುದು ಇಲ್ಲಿ ಸಾಮಾನ್ಯ.

ಇದಕ್ಕೆ ಎದುರು ವಾದವಿದೆ, ಅದು ದುರ್ಬಲ ವಾದವೂ ಅಲ್ಲ. ಅಲ್ಲಿ ಮುಕ್ಕಾಲು ಟನ್ ಟ್ರಕ್ಕುಗಳ ಒಟ್ಟು ತೂಕದ ಮಿತಿ ಬಹುಮಟ್ಟಿಗೆ 10,000 ಪೌಂಡಿಗೆ ನಿಂತಿರುತ್ತದೆ, ಯಾಕೆಂದರೆ ಆ ಸಂಖ್ಯೆ ದಾಟಿದರೆ ವರ್ಗ ಬದಲಾಗುತ್ತದೆ. ಕಬ್ಬಿಣ ಅದೇ, ಆಕ್ಸಲ್ ಹೆಚ್ಚುಕಡಿಮೆ ಅದೇ, ಮಿತಿ ಬರೀ ಕಾಗದದ್ದು ಎನ್ನುತ್ತಾರೆ ಅನುಭವಿಗಳು. ಟೈರು ನೋಡಿ ಎನ್ನುತ್ತಾರೆ. 125 ಎಂಬ ಭಾರಸೂಚಿ ಇರುವ ಒಂದು ಟೈರು 1,650 ಕೆಜಿ ಹೊರಬಲ್ಲದು, ಎರಡು ಸೇರಿ 3,300. ಹಿಂದಿನ ಆಕ್ಸಲ್‌ಗೆ ಅಷ್ಟು ಬೀಳುವುದೇ ಇಲ್ಲವಲ್ಲ! ಹಿಂದೆ ಕುಸಿದರೆ ಗಾಳಿಚೀಲ ಹಾಕಿಸಿದರಾಯಿತು.

ಈ ವಾದ ನನಗೆ ಬಹಳ ಹಳೆಯ ಪರಿಚಯ. 2018ರಲ್ಲಿ ನಮ್ಮ ಕೇಂದ್ರ ಸರ್ಕಾರ ಲಾರಿಗಳ ಆಕ್ಸಲ್ ಭಾರದ ಮಿತಿಯನ್ನು ಏರಿಸಿತು. ನಿನ್ನೆ ಅಪರಾಧವಾಗಿದ್ದ ತೂಕ ಇವತ್ತು ಕಾನೂನುಬದ್ಧ. "ನೋಡ್ರಿ, ಗಾಡಿ ಅದೇ, ಕಾಗದ ಬದಲಾತು" ಎಂದು ನಮ್ಮಲ್ಲಿಗೆ ಬರುತ್ತಿದ್ದ ಮಾಲೀಕರೊಬ್ಬರು ನಕ್ಕರು. ಅವರ ಮಾತು ಸುಳ್ಳಲ್ಲ. ಆದರೆ ಅದಾದ ಮೇಲೆ ನಾನು ಕಂಡದ್ದು ಇಷ್ಟು: ಹಳೆಯ ಮಿತಿಯನ್ನು ಮೀರುತ್ತಿದ್ದವರು ಹೊಸ ಮಿತಿಯನ್ನೂ ಅಷ್ಟೇ ಮೀರತೊಡಗಿದರು. 2019ರ ತಿದ್ದುಪಡಿಯಲ್ಲಿ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000 ಎಂದಾದಾಗ ಒಂದಷ್ಟು ದಿನ ಹಿಡಿತ ಬಂತು, ಆಮೇಲೆ ದಂಡವೂ ಒಂದು ಖರ್ಚಾಗಿ ಲೆಕ್ಕಕ್ಕೆ ಸೇರಿತು. ಮಿತಿ ಬರೀ ಕಾಗದದ್ದು ಎಂದು ಒಮ್ಮೆ ನಂಬಿದವನಿಗೆ ಮುಂದಿನ ಯಾವ ಮಿತಿಯೂ ಕಾಗದದ್ದೇ.

ಅದಕ್ಕೇ ನನ್ನ ಉತ್ತರ ಸರಳ. ಕಬ್ಬಿಣ ಅದೇ ಆಗಿದ್ದರೆ, ಆ ಮಾತನ್ನು ಚೀಟಿಯಲ್ಲೂ ಹೇಳುವ ಟ್ರಕ್ಕನ್ನೇ ಯಾಕೆ ಕೊಳ್ಳಬಾರದು? ಮುಂದಿನ ವರ್ಗ ಒಂದು ಟನ್: ಎಫ್-350, ರಾಮ್ 3500, ಶೆವರ್ಲೆ 3500 ಎಚ್‌ಡಿ. ಇಡೀ ಯೋಜನೆಯ ಖರ್ಚಿನ ಮುಂದೆ ಈ ಎರಡರ ಬೆಲೆಯ ಅಂತರ ಸಣ್ಣದು. ಗಾಳಿಚೀಲ ಟ್ರಕ್ಕಿನ ಬೆನ್ನನ್ನು ನೆಟ್ಟಗೆ ಮಾಡುತ್ತದೆ, ಬ್ರೇಕನ್ನು ದೊಡ್ಡದು ಮಾಡುವುದಿಲ್ಲ. ಟ್ರೇಲರಿಗೆ ತನ್ನದೇ ವಿದ್ಯುತ್ ಬ್ರೇಕುಗಳಿವೆ, ಒಪ್ಪಿದೆ. ಒಂದು ತಂತಿ ಕಿತ್ತರೆ ಅಷ್ಟೂ ತೂಕವನ್ನು ನಿಲ್ಲಿಸಬೇಕಾದ್ದು ಟ್ರಕ್ಕೇ. ಕೊಲರಾಡೊದಲ್ಲಿ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹತ್ತುವುದು ಎಂಜಿನ್ನಿನ ಪರೀಕ್ಷೆ, ಅಲ್ಲಿಂದ ಇಳಿಯುವುದು ಉಳಿದ ಎಲ್ಲದರ ಪರೀಕ್ಷೆ. ಡೀಸೆಲ್ಲಿಗೆ ಪೆಟ್ರೋಲಿಗಿಂತ ಹತ್ತು ಸಾವಿರ ಡಾಲರಿನ ಆಸುಪಾಸು ಹೆಚ್ಚು ಕೊಡುವುದಾದರೆ, ಏರಿನ ಬಲಕ್ಕಿಂತ ಇಳಿಜಾರಿನಲ್ಲಿ ವೇಗ ಹಿಡಿದಿಡುವ ಎಕ್ಸಾಸ್ಟ್ ಬ್ರೇಕಿಗಾಗಿ ಕೊಡಿ ಎಂದು ಅವನಿಗೆ ಹೇಳಿದೆ.

ಆದರೂ ಒಂದು ಟನ್ ವರ್ಗದಲ್ಲಿ ಹಿಂದೆ ಎರಡೇ ಟೈರಿನ ಟ್ರಕ್ಕಿನ ಚೀಟಿ 1,800 ಕೆಜಿ ಆಸುಪಾಸು ಹೇಳುತ್ತಿತ್ತು. ನಮ್ಮದು 1,850. ಹಿಂದೆ ನಾಲ್ಕು ಟೈರಿನದು, ಅವರು ಡೂಲಿ ಎನ್ನುವುದು, 2,500ರ ಹತ್ತಿರ. ಲೆಕ್ಕದ ಪ್ರಕಾರ ಡೂಲಿಯೇ ಉತ್ತರ. ಆದರೆ ಅದನ್ನು ಮಕ್ಕಳ ಶಾಲೆಯ ಮುಂದೆ ನಿಲ್ಲಿಸುವುದು, ಊರೊಳಗೆ ತಿರುಗಿಸುವುದು, ಎರಡರ ಬದಲು ನಾಲ್ಕು ಟೈರು ಬದಲಿಸುವುದು ದಿನನಿತ್ಯದ ತಾಪತ್ರಯ. ಈ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನೊಂದು ವಿಚಿತ್ರ ಕಂಡಿತು. ಟೆಕ್ಸಸ್‌ನಲ್ಲಿ ಟ್ರೇಲರ್ 10,000 ಪೌಂಡ್ ಮೀರಿ, ಟ್ರಕ್ ಮತ್ತು ಟ್ರೇಲರಿನ ಗರಿಷ್ಠ ತೂಕ ಸೇರಿ 26,001 ಮುಟ್ಟಿದರೆ 'ಎ' ದರ್ಜೆಯ ಲೈಸೆನ್ಸ್ ಬೇಕು, ಸ್ವಂತ ಬಳಕೆಗಾದರೂ. ಮುಕ್ಕಾಲು ಟನ್ನಿನದು 10,000, ಟ್ರೇಲರಿನದು 15,000: ಒಟ್ಟು 25,000. ಕಾರಿನ ಲೈಸೆನ್ಸೇ ಸಾಕು! ಡೂಲಿಯ 14,000 ಹಾಕಿದರೆ 29,000, ಪರೀಕ್ಷೆ ಬರೆಯಬೇಕು. ಅಂದರೆ ಹೊರಲಾರದ ಟ್ರಕ್ ಕೊಂಡವನಿಗೆ ಪರೀಕ್ಷೆಯಿಲ್ಲ, ಹೊರಬಲ್ಲ ಟ್ರಕ್ ಕೊಂಡವನಿಗೆ ಇದೆ. ಕಾನೂನು ಕೇಳುವುದು ಕಾಗದದ ತೂಕವನ್ನು. ಆದ್ದರಿಂದ "ಲೈಸೆನ್ಸ್ ಸಾಕು ಅಂದಾರ" ಎಂಬುದನ್ನು ಸುರಕ್ಷೆಯ ಖಾತ್ರಿ ಎಂದು ತಿಳಿಯಬೇಡಿ. ನಮ್ಮಲ್ಲಿ ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಕೊಲ್ಹಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರಿಗೆ ನಾನು ಹೇಳುವುದು ತಟ್ಟನೆ ಅರ್ಥವಾದೀತು. ಎರಡು ಟ್ರಾಲಿ ಕಬ್ಬನ್ನು ಒಂದು ಟ್ರ್ಯಾಕ್ಟರ್ ಎಳೆದೇ ಎಳೆಯುತ್ತದೆ. ಘಾಟಿನ ಇಳಿಜಾರಿನಲ್ಲಿ ಅದರ ಹಿಂದೆ ಸಿಕ್ಕಿಕೊಂಡಾಗ ನಮಗೆ ಜೀವಭಯವಾಗುವುದು ಅದು ಎಳೆಯುತ್ತದೋ ಇಲ್ಲವೋ ಎಂದಲ್ಲ.

ಕೊನೆಗೆ ಅವನು ಮಾಡಿದ್ದು ನಾನು ಹೇಳಬೇಕೆಂದಿದ್ದೂ, ಹೇಳಲು ಹಿಂಜರಿದದ್ದೂ ಆದ ಕೆಲಸ. ಮನೆ ಸಣ್ಣದು ಮಾಡಿದ. ಹೆಂಡತಿಗೆ ನಡುವಿನ ಅಡುಗೆಕಟ್ಟೆ ಹೋಯಿತೆಂದು ಬೇಜಾರು, ಮಕ್ಕಳಿಗೆ ಬೇರೆ ಕೋಣೆ ಇಲ್ಲವೆಂದು ಸಿಟ್ಟು. ಹೊಸ ಟ್ರೇಲರ್ ಸಾಮಾನು ಸೇರಿ 5,000 ಕೆಜಿ. ಪಿನ್ ತೂಕ 1,050. ಹಿಚ್, ಆರು ಜನ, ಸಾಮಾನು ಸೇರಿ 1,535. ಒಂದು ಟನ್ನಿನ, ಎರಡೇ ಹಿಂದಿನ ಟೈರಿನ ಟ್ರಕ್ಕಿಗೆ ಇನ್ನೂ 265 ಕೆಜಿ ಉಳಿಯಿತು. ಡಬ್ಬಿ ಎಂಟಡಿ ಉದ್ದದ್ದೇ ಇರಲಿ ಅಂದೆ. ಗಿಡ್ಡ ಡಬ್ಬಿಯಾದರೆ ಬಿಗಿಯಾಗಿ ತಿರುಗುವಾಗ ಟ್ರೇಲರಿನ ಮೂತಿ ಕ್ಯಾಬಿನ್ನಿನ ಗಾಜಿಗೆ ಬಡಿಯುತ್ತದೆ, ತಪ್ಪಿಸಲು ಹಿಂದಕ್ಕೆ ಸರಿಯುವ ಹಿಚ್ ಬೇಕಾಗುತ್ತದೆ.

ಒಂದು ಮಾತು ಕೊಡಿಸಿಕೊಂಡಿದ್ದೇನೆ. ಮೊದಲ ಪ್ರಯಾಣಕ್ಕೆ ಎಲ್ಲ ತುಂಬಿ, ಎಲ್ಲರನ್ನೂ ಕೂರಿಸಿಕೊಂಡು, ಹೆದ್ದಾರಿಯ ಟ್ರಕ್ ನಿಲ್ದಾಣದಲ್ಲಿರುವ ಕ್ಯಾಟ್ ಸ್ಕೇಲ್‌ಗೆ ಹೋಗಬೇಕು. ಅದು ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರನ್ನೂ ಬೇರೆ ಬೇರೆ ತೂಗಿ ಚೀಟಿ ಕೊಡುತ್ತದೆ. ನಾವು ಇಲ್ಲಿ ಕೂತು ಹಾಕಿದ ನೂರಕ್ಕೆ 21 ಬರೀ ಅಂದಾಜು. ಅಂದಾಜು ತಪ್ಪಿದ್ದರೆ ಅಲ್ಲೇ ಸಾಮಾನು ಇಳಿಸಬೇಕು. ಹಿಂದಿಯವರು ಇಂಥ ಕಾಟಾಕ್ಕೆ ಧರ್ಮಕಾಂಟಾ ಅನ್ನುತ್ತಾರೆ. ಇಪ್ಪತ್ತೆಂಟು ವರ್ಷ ಅದರ ಪಕ್ಕದಲ್ಲಿ ಕೂತಿದ್ದರೂ ಆ ಹೆಸರು ಯಾಕೆ ಬಂತೆಂದು ನಾನು ಯೋಚಿಸಿರಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕ ಕೂರುತ್ತಾಳೆ ಎಂದಾಗ ಹೊಳೆಯಿತು.

ನಿನ್ನೆ ಅಕ್ಕ ಹುಬ್ಬಳ್ಳಿಯಿಂದ ಫೋನ್ ಮಾಡಿದ್ದಳು. "ಅಲ್ಲಪಾ, ಆ ಗಾಡಿಯೊಳಗ ಹತ್ತು ಕೆಜಿ ಜ್ವಾಳದ ಹಿಟ್ಟು ಹಿಡಿತೈತೇನು, ಇಲ್ಲಾ ಅದಕ್ಕೂ ನಿನ್ನ ಚೀಟಿ ಬೇಕೋ?" ಅಂದಳು. ಹಿಡಿಯುತ್ತದೆ ಅಂದೆ. ಆಮೇಲೆ ಪಟ್ಟಿ ತೆಗೆದು, 265ರಲ್ಲಿ ಹತ್ತು ಕಳೆದು, 255 ಎಂದು ಬರೆದಿಟ್ಟೆ.