ಎರಡು ಓಟಿನ ತಮ್ಮ, ಒಂದು ಓಟಿನ ಅಣ್ಣ

2024ರ ಏಪ್ರಿಲ್ ಕೊನೆ. ನಮ್ಮ ಸಂಘದ ಸದಸ್ಯರೊಬ್ಬರಿಗೆ ಲಂಡನ್ನಿನಿಂದ ತಮ್ಮನ ಫೋನು. "ಅಣ್ಣ, ನನಗೆ ಇಲ್ಲಿ ಓಟು ಉಂಟು. ರೂಮಿನವ ಹೇಳಿದ ಅಂತ ಹೆಸರು ಕೊಟ್ಟಿದ್ದೆ. ಈಗ ಮೇಯರ್ ಎಲೆಕ್ಷನ್ನಿಗೆ ಕಾರ್ಡು ಬಂದಿದೆ." ಹುಡುಗ ಈಸ್ಟ್ ಹ್ಯಾಮಿನಲ್ಲಿ ಬಾಡಿಗೆಗಿದ್ದಾನೆ. ಕೈಯಲ್ಲಿರುವುದು ಕೆಲಸದ ವೀಸಾ ಮಾತ್ರ. "ಯಾರೋ ಟೋಪಿ ಹಾಕ್ತಿದ್ದಾರೆ ಮಾರಾಯ, ಎಲ್ಲಿಯೂ ಸಹಿ ಮಾಡಬೇಡ" ಎಂದರಂತೆ ಅಣ್ಣ.

ಇಷ್ಟು ವರ್ಷ ಗಲ್ಫಿನಲ್ಲಿ ದುಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಹುಡುಗ ಹೇಳಿದ್ದು ನಿಜ. ಭಾರತವೂ ಸೇರಿ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಸರಿಯಾದ ವೀಸಾದಲ್ಲಿ ಬ್ರಿಟನ್ನಿನಲ್ಲಿ ವಾಸವಿದ್ದರೆ ಕೌನ್ಸಿಲಿನಿಂದ ಪಾರ್ಲಿಮೆಂಟಿನವರೆಗೆ ಎಲ್ಲದಕ್ಕೂ ಮತ ಹಾಕಬಹುದು. ಬೂತಿನಲ್ಲಿ ಗುರುತಿಗೆ ನಮ್ಮ ಭಾರತದ ಪಾಸ್‌ಪೋರ್ಟೇ ಸಾಕು. ಇದನ್ನು ಬ್ರಿಟಿಷರ ದೊಡ್ಡ ಮನಸ್ಸು ಎಂದು ಹೊಗಳಬೇಕಾಗಿಲ್ಲ. ಎಲ್ಲರೂ ಒಂದೇ ರಾಜನ ಪ್ರಜೆಗಳೆಂದು ಬರೆದಿಟ್ಟ ಹಳೆಯ ಲೆಕ್ಕ, ಸಾಮ್ರಾಜ್ಯ ಹೋದ ಮೇಲೂ ಅಳಿಯದೆ ಉಳಿಯಿತು. 1892ರಲ್ಲಿ ದಾದಾಭಾಯಿ ನವರೋಜಿಯವರು ಲಂಡನ್ನಿನ ಫಿನ್ಸ್‌ಬರಿ ಸೆಂಟ್ರಲ್ ಕ್ಷೇತ್ರದಲ್ಲಿ 5 ಮತಗಳಿಂದ ಗೆದ್ದು ಪಾರ್ಲಿಮೆಂಟಿಗೆ ಹೋದದ್ದೂ ಅದೇ ಲೆಕ್ಕದಲ್ಲಿ.

ಲಾಟ್ವಿಯ ಬೇರೆ ದಾರಿ ಹಿಡಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅಲ್ಲಿದ್ದ ಲಕ್ಷಾಂತರ ರಷ್ಯನ್ ಭಾಷಿಕರು, ಅಲ್ಲೇ ಹುಟ್ಟಿದವರೂ ಸೇರಿ, ಪೌರರಲ್ಲದವರಾದರು. ಮೊದಲು ಲಾಟ್ವಿಯನ್ ಭಾಷೆಯ ಪರೀಕ್ಷೆ ಪಾಸಾಗಿ ಪೌರತ್ವ ಪಡೆಯಬೇಕು, ಓಟು ಆಮೇಲೆ. ತಮ್ಮ ಊರಿನ ನಗರಸಭೆಗೂ ಅವರು ಮತ ಹಾಕುವಂತಿಲ್ಲ. ಲಾಟ್ವಿಯದವರ ಭಯ ಸುಳ್ಳೆನ್ನಲಾರೆವು. ಸ್ವಂತ ನೆಲದಲ್ಲಿ ಸ್ವಂತ ಭಾಷೆ ಮೂಲೆಗೆ ಸರಿಯುವ ನೋವು ಏನೆಂದು ನಮ್ಮ ಕಾಸರಗೋಡಿನ ಗೆಳೆಯರನ್ನು ಕೇಳಿ. ಆದರೂ ಮೂರು ದಶಕ ಕಳೆದ ಮೇಲೂ ಎಷ್ಟೋ ಜನ ಅದೇ ಪಟ್ಟಿಯಲ್ಲಿ ಉಳಿದಿದ್ದಾರೆ. ಓಟಿಲ್ಲದವನ ಬಾಗಿಲಿಗೆ ಯಾವ ಅಭ್ಯರ್ಥಿ ಬರುತ್ತಾನೆ?

ಲಂಡನ್ನಿನಲ್ಲಿ ಬರುತ್ತಾರೆ. ಬಂದವರನ್ನು ಮಾತಾಡಿಸಿದವರಲ್ಲಿ ಕೆಲವರು ತಾವೇ ಅಭ್ಯರ್ಥಿಗಳಾದರು. ಕಲಬುರಗಿ ಕಡೆಯ ವೈದ್ಯ ಡಾ. ನೀರಜ್ ಪಾಟೀಲ್ ಲ್ಯಾಂಬೆತ್ ಕೌನ್ಸಿಲಿಗೆ ಆಯ್ಕೆಯಾಗಿ 2010ರಲ್ಲಿ ಅಲ್ಲಿನ ಮೇಯರ್ ಆದರು. (ಇಡೀ ಲಂಡನ್ನಿಗೆ ಮೇಯರ್ ಎಂದು ಊರಲ್ಲಿ ಈಗಲೂ ಹೇಳುವವರಿದ್ದಾರೆ. ಲ್ಯಾಂಬೆತ್ ಅಲ್ಲಿನ 32 ಬರೊಗಳಲ್ಲಿ ಒಂದು.) 2017ರಲ್ಲಿ ಪಟ್ನಿಯಿಂದ ಪಾರ್ಲಿಮೆಂಟಿಗೆ ನಿಂತು ಸುಮಾರು ಒಂದೂವರೆ ಸಾವಿರ ಮತಗಳಿಂದ ಸೋತರು. ಲ್ಯಾಂಬೆತ್‌ನಲ್ಲಿ ಥೇಮ್ಸ್ ದಡದ ಮೇಲೆ ಬಸವಣ್ಣನ ಪ್ರತಿಮೆ ಇರುವುದು ನಮಗೆಲ್ಲ ಗೊತ್ತು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು ಟಿವಿಯಲ್ಲಿ ಬಂತು. ಅದರ ಹಿಂದೆ ಪಾಟೀಲರು ಕೌನ್ಸಿಲಿನ ಒಳಗೆ ಸಂಪಾದಿಸಿದ ಪರಿಚಯ, ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿದ್ದು ಇತ್ತು. ಅದು ಟಿವಿಯಲ್ಲಿ ಬರಲಿಲ್ಲ.

ನಮ್ಮ ಕಥೆಗೆ ಬರೋಣ. ನಮಗಿರುವುದು ಊರಿನ ಓಟು ಒಂದೇ. 2011ರಿಂದ ಅನಿವಾಸಿ ಭಾರತೀಯರೂ 6ಎ ನಮೂನೆ ತುಂಬಿ, ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. ಆದರೆ ಓಟು ಹಾಕಲು ಮೂಲ ಪಾಸ್‌ಪೋರ್ಟ್ ಹಿಡಿದು ಖುದ್ದು ಬೂತಿಗೆ ಹೋಗಬೇಕು. ದಕ್ಷಿಣ ಕನ್ನಡದಲ್ಲಿ ಲೋಕಸಭೆಗೆ ಮತದಾನ ನಡೆದದ್ದು 2024ರ ಏಪ್ರಿಲ್ 26, ಶುಕ್ರವಾರ. ನಮ್ಮ ಈ ಅಣ್ಣನಿಗೆ ರಜೆಯ ದಿನವೇ. ಒಂದು ದಿನದ ರಜೆಯಲ್ಲಿ ಮಂಗಳೂರಿಗೆ ಹೋಗಿ ಬರಲಾಗುತ್ತದೆಯೇ? ಟಿಕೆಟಿನ ದುಡ್ಡಿನಲ್ಲಿ ಮಗಳ ಫೀಸು ಕಟ್ಟಬಹುದು. ಅವರು ರೂಮಿನಲ್ಲಿ ಬಟ್ಟೆ ಒಗೆದರು.

ಮುಂದಿನ ಗುರುವಾರ, ಮೇ 2ರಂದು, ತಮ್ಮ ಡ್ಯೂಟಿ ಮುಗಿಸಿ ರಾತ್ರಿ ಎಂಟಕ್ಕೆ ಹೋಗಿ ಲಂಡನ್ ಮೇಯರ್ ಚುನಾವಣೆಗೆ ಮತ ಹಾಕಿ ಬಂದ. ಬಾಗಿಲಲ್ಲಿ ಯಾರದೋ ನಾಯಿ ಕಟ್ಟಿತ್ತಂತೆ, ಪೊಲೀಸರೇ ಕಾಣಲಿಲ್ಲವಂತೆ. "ಊರಿನ ಓಟಿಗೆ 6ಎ ತುಂಬಿದ್ದೀಯಾ?" ಎಂದು ಅಣ್ಣ ಕೇಳಿದರು. ಹಾಗೊಂದು ಉಂಟೆಂದೇ ಅವನಿಗೆ ಗೊತ್ತಿರಲಿಲ್ಲ.

ಅಣ್ಣನಿಗೂ ನಾವು ಹೇಳಿದ ಮೇಲೆಯೇ ಗೊತ್ತಾದದ್ದು. ಈಗ ಇಬ್ಬರೂ ತುಂಬಿದ್ದಾರೆ. ಮುಂದಿನ ವಿಧಾನಸಭೆ ಚುನಾವಣೆ ಯಾವ ತಿಂಗಳು ಬರಬಹುದೆಂದು ಅಣ್ಣ ಈಗಲೇ ವಿಚಾರಿಸುತ್ತಿದ್ದಾರೆ, ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯನ್ನು ಅದಕ್ಕೆ ಹೊಂದಿಸಬೇಕಂತೆ.