ಹೊಳೆ ಏರುವ ಮುನ್ನ

ಕಪಿಲೆಯೂ ಕಾವೇರಿಯೂ ಕೂಡುವ ತಿರುಮಕೂಡಲು ನರಸೀಪುರದ ಮಹಾಜನರಿಗೆ ಹೊಳೆಯ ಸ್ವಭಾವವನ್ನು ನಾವು ಹೊಸದಾಗಿ ಹೇಳಬೇಕಾದುದಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ವಯನಾಡಿನ ಮಳೆಗೆ ಕಪಿಲೆಯ ಮೇಲಣ ಕಬಿನಿ ಜಲಾಶಯವು ತುಂಬಿ, ಸೆಕೆಂಡಿಗೆ 1 ಲಕ್ಷ ಘನ ಅಡಿಗೂ ಮಿಕ್ಕು ನೀರು ಹೊರಬಿದ್ದಾಗ ನಂಜನಗೂಡಿನ ತಗ್ಗುಪ್ರದೇಶಗಳು ಜಲಾವೃತವಾದುವು. ಮೈಸೂರಿನ ಹೆದ್ದಾರಿಯಲ್ಲಿ ಸಂಚಾರವು ನಿಂತಿತು. 2018ರಲ್ಲಿಯೂ 2024ರಲ್ಲಿಯೂ ಆ ದಾರಿಗೆ ನೀರು ನುಗ್ಗಿತು. ದಾರಿ ಕಡಿದ ದಿನ ಮನೆಯಲ್ಲಿರುವುದೇ ಊಟ.

ನಮ್ಮ ಪೂರ್ವಿಕರು ಇದನ್ನರಿಯದವರಲ್ಲ. ಹಗೇವಿನಲ್ಲಿ ತುಂಬಿದ ರಾಗಿಯು ವರ್ಷಗಟ್ಟಲೆ ಕೆಡದೆ ಉಳಿದು ಬರಗಾಲದಲ್ಲಿ ಪ್ರಾಣವನ್ನು ಕಾಯುತ್ತಿದ್ದಿತು. ಆದರೆ ಬರಕ್ಕೆ ಒದಗುವ ನೆಲದೊಳಗಣ ಹಗೇವು ನೆರೆಗೆ ಒದಗದು. ಹೊಳೆಯ ದಂಡೆಯ ಮನೆಗೆ ಅಟ್ಟವೇ ಕಣಜವಾಗಬೇಕು.

ಐದು ಜನರ ಮನೆಗೆ, ಆಳಿಗೆ ದಿನಕ್ಕೆ ಅರ್ಧ ಕಿಲೋ ಧಾನ್ಯದಂತೆ, ಒಂದು ವಾರಕ್ಕೆ ಸುಮಾರು 18 ಕಿಲೋ ಸಾಕು. ಒಲೆ ಹೊತ್ತಿಸಲಾಗದ ಮೊದಲೆರಡು ದಿನಕ್ಕೆ ಅವಲಕ್ಕಿ, ಹುರಿಹಿಟ್ಟು, ಹುರಿಗಡಲೆ, ಬೆಲ್ಲಗಳಿರಲಿ. ಬಳಿಕ ಅಕ್ಕಿ ಬೇಳೆಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ಸೌದೆಯೂ ನೀರೂ ಉಳಿಯುವುವು. ಒಣಸೌದೆ, ಬೆಂಕಿಪೆಟ್ಟಿಗೆ, ಉಪ್ಪುಗಳು ಅಟ್ಟದಲ್ಲಿರಲಿ. ಕುಡಿಯುವ ನೀರನ್ನು ಮುಂಚೆಯೇ ತುಂಬಿಡಬೇಕು. ನೆರೆ ಹೊಕ್ಕ ಬಾವಿಯ ನೀರನ್ನು ಶುದ್ಧಿ ಮಾಡದೆ ಕುಡಿಯಲಾಗದು. ನೆರೆಯಲ್ಲಿ ನೆನೆದ ಧಾನ್ಯವನ್ನು ಆಸೆಯಿಂದ ಉಣ್ಣಲಾಗದು. ತಿಂಗಳಿಗೊಮ್ಮೆ ಹಳೆಯದನ್ನು ಬಳಸಿ ಹೊಸದನ್ನು ತುಂಬಿದರೆ ಯಾವುದೂ ಕೆಡದು.

ಇದನ್ನು ಕಳ್ಳದಾಸ್ತಾನೆಂದು ಯಾರೂ ಭಾವಿಸಲಾಗದು. ಹೊಳೆ ಏರಿದ ದಿನ ಅಂಗಡಿಗೆ ಮುಗಿಬೀಳುವವನು ನೆರೆಯವನ ಪಾಲನ್ನು ಕಸಿಯುವನು. ಸುಭಿಕ್ಷದಲ್ಲಿ ಸ್ವಲ್ಪಸ್ವಲ್ಪವಾಗಿ ಕೂಡಿಟ್ಟವನು ಆ ಪಾಲನ್ನು ಉಳಿಸುವನು.

ಆದರೆ ಅಂದಂದಿನ ಕೂಲಿಯಿಂದ ಅಂದಂದಿನ ಅಕ್ಕಿಯನ್ನು ತರುವ ಮನೆಗೆ ಈ ಉಪದೇಶವು ಅಣಕದಂತೆ ಕೇಳಿಸೀತು. ನೀರು ಮೊದಲು ನುಗ್ಗುವುದು ತಗ್ಗಿನ ಬಡವರ ಗುಡಿಸಲಿಗೇ. 2025ರಲ್ಲಿ ಕೇಂದ್ರ ಸರ್ಕಾರವು ಮಳೆಗಾಲದ ಮೂರು ತಿಂಗಳ ಪಡಿತರವನ್ನು ಮುಂಗಡವಾಗಿ ಹಂಚುವಂತೆ ರಾಜ್ಯಗಳಿಗೆ ಸೂಚಿಸಿದ್ದಿತು. ಹೊಳೆ ದಂಡೆಯ ಗ್ರಾಮಗಳಲ್ಲಿ ಇದು ಪ್ರತಿ ವರ್ಷದ ಕ್ರಮವಾಗಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಪ್ರತಿಯೊಂದು ಪಂಚಾಯತಿಯೂ ಎತ್ತರದ ಶಾಲೆಯಲ್ಲಿ ಧಾನ್ಯವನ್ನೂ ದೊಡ್ಡ ಪಾತ್ರೆಗಳನ್ನೂ ಸಿದ್ಧವಾಗಿಡಲಿ. ಅಡಿಗೆಯ ಭಾರವನ್ನು ಹೆಂಗಸರ ಮೇಲೆಯೇ ಹೊರಿಸದೆ ಗಂಡಸರೂ ಹೆಗಲು ಕೊಡಲಿ.

ತನ್ನ ಅಟ್ಟವನ್ನು ತುಂಬಿಕೊಂಡು ನೆರೆಮನೆಯ ಬರಿಗಡಿಗೆಯನ್ನು ಮರೆತ ಗ್ರಾಮವು ಸ್ವಾವಲಂಬಿಯೆನಿಸದು. ಮುಂಗಾರಿಗೆ ಮುನ್ನವೇ ಮಹಾಜನರು ಎಚ್ಚೆತ್ತುಕೊಳ್ಳಲಿ.