ನಮ್ಮ ಶರತ್ಕಾಲದ ಬಣ್ಣ

ಕೆನಡಾ ದೇಶದ ಮೇಪಲ್ ಮರಗಳು ಕೆಂಡದ ರಾಶಿಯಂತೆ ಉರಿಯುವ ಚಿತ್ರವನ್ನು ಕ್ಯಾಲೆಂಡರಿನಲ್ಲಿ ಕಂಡು, ಅಂಥದೊಂದು ಮರ ನಮ್ಮ ಅಂಗಳದಲ್ಲಿಯೂ ಇರಬಾರದಾಗಿತ್ತೆ ಎಂದು ನಿಟ್ಟುಸಿರಿಡದ ತೋಟಪ್ರಿಯರು ವಿರಳ. ಆದರೆ ಆ ಬಣ್ಣ ಚಳಿನಾಡಿನ ಸೊತ್ತು. ಅಲ್ಲಿ ಹಗಲು ಕುಗ್ಗಿ ಶೀತವೇರಿದಂತೆ ಎಲೆಯ ಹಸಿರು ಕರಗಿ, ಒಳಗೆ ಅಡಗಿದ್ದ ಹಳದಿ ಕಾಣತೊಡಗುತ್ತದೆ. ಕೆಲವು ಜಾತಿಯ ಎಲೆಗಳಲ್ಲಿ ಕೆಂಪು ಹೊಸದಾಗಿಯೇ ಹುಟ್ಟುತ್ತದೆ. ನಮ್ಮ ಬಯಲುಸೀಮೆಯ ಮರಗಳು ಎಲೆ ಉದುರಿಸುವುದು ಚಳಿಗೆ ಅಂಜಿ ಅಲ್ಲ, ನೀರಿನ ಬರಕ್ಕೆ ಅಂಜಿ. ಕುರುಚಲು ಕಾಡಿನ ದಿಂಡಿಗದ ಎಲೆ ಕೆಂಪೇರಿ ಬೀಳುವ ವೇಳೆಗೆ ಶರತ್ಕಾಲ ಕಳೆದೇ ಹೋಗಿರುತ್ತದೆ.

ಹಾಗಾದರೆ ನಮ್ಮ ಶರತ್ತಿಗೆ ಬಣ್ಣವಿಲ್ಲವೆ? ಉಂಟು, ಅದನ್ನು ಹೂವಿನಲ್ಲಿ ಅರಸಬೇಕು. ಚಿತ್ರದುರ್ಗ, ಬಳ್ಳಾರಿ ಕಡೆಯ ಅನೇಕ ತಾಲ್ಲೂಕುಗಳಲ್ಲಿ ವರ್ಷವಿಡೀ ಬೀಳುವ ಮಳೆ 500ರಿಂದ 700 ಮಿಲಿಮೀಟರು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಹಸ್ತ, ಚಿತ್ತೆಯ ಮಳೆಗಳು ನೆಲವನ್ನು ತಣಿಸಿದಾಗ ಈ ನೆಲದ ಗಿಡಗಳು ತಮ್ಮ ಸಿರಿಯನ್ನು ತೋರುತ್ತವೆ.

ಮೊದಲ ಮರ್ಯಾದೆ ತಂಗಡಿಗೆ ಸಲ್ಲಬೇಕು. ಆವರಿಕೆ ಎಂದೂ ಇದಕ್ಕೆ ಹೆಸರು. ಆಳೆತ್ತರದ ಈ ಪೊದೆ ಚಿನ್ನದ ಬಣ್ಣದ ಗೊಂಚಲುಗಳಿಂದ ತುಂಬಿ ನಿಲ್ಲುತ್ತದೆ. “ರಸ್ತೆಬದಿಯ ಕಳೆಯಲ್ಲವೆ ಇದು, ಮೇಷ್ಟ್ರೇ?” ಎಂದು ನೆರೆಯವರು ಕೇಳುವುದುಂಟು. ನಾವು ಕಳೆಯೆನ್ನುವ ಇದೇ ಹೂವನ್ನು ತೆಲಂಗಾಣದ ಹೆಂಗಳೆಯರು ನವರಾತ್ರಿಯ ವೇಳೆಯ ಬತುಕಮ್ಮ ಹಬ್ಬದಲ್ಲಿ ಪೇರಿಸಿ ಪೂಜಿಸುತ್ತಾರೆ. ಇದರ ತೊಗಟೆಯಿಂದ ಚರ್ಮ ಹದಮಾಡುವುದು ಹಳೆಯ ಕಸುಬು.

ಎರಡನೆಯದು ಪಾರಿಜಾತ. ರಾತ್ರಿ ಅರಳಿ ಬೆಳಗಿನೊಳಗೆ ನೆಲಕ್ಕುದುರುವ ಈ ಹೂವಿನ ಸೊಬಗು ಇರುವುದೇ ನೆಲದ ಮೇಲೆ. ಆದ್ದರಿಂದ ಮುಂಜಾನೆ ಕಣ್ಣಿಗೆ ಬೀಳುವೆಡೆಯಲ್ಲಿ ನೆಡುವುದು ಲೇಸು. ಬೇಸಗೆಯಲ್ಲಿ ಎಲೆಯುದುರಿ ಬೋಳಾದರೆ ಗಿಡ ಸತ್ತಿತೆಂದು ಕಡಿಯಬಾರದು. ಬೇಲಿಗೆ ಮುಳ್ಳುಗೋರಂಟಿಯನ್ನು ಹಾಕಿದರೆ ಹಳದಿ ಹೂವೂ ದೊರೆತೀತು, ಕಾವಲೂ ಆದೀತು. ಬೇಲಿಯ ಮೇಲೆ ಹಬ್ಬಿಸಲು ಅಗ್ನಿಶಿಖೆಯ ಬಳ್ಳಿಗೆ ಸಮಾನವಾದುದು ಅಪರೂಪ. ಇದರ ಎಸಳು ಹಸಿರಾಗಿ ಹುಟ್ಟಿ, ಹಳದಿಗೆ ತಿರುಗಿ, ಕೆಂಪಾಗಿ ಮುಗಿಯುತ್ತದೆ. ಆದರೆ ಇದರ ಗೆಡ್ಡೆ ಘೋರ ವಿಷ. ಪುಟ್ಟ ಮಕ್ಕಳಿರುವ ಮನೆಯವರು ಇದರ ಆಸೆಯನ್ನು ಬಿಡುವುದೇ ಕ್ಷೇಮ.

ಬರ ಸಹಿಸುವ ಬಣ್ಣದ ಗಿಡ ಯಾವುದಾದರೇನು ಎನ್ನುವವರು ಲಂಟಾನದ ಕಥೆಯನ್ನು ನೆನೆಯಬೇಕು. 19ನೆಯ ಶತಮಾನದ ಆರಂಭದಲ್ಲಿ ಉದ್ಯಾನಗಳ ಅಲಂಕಾರಕ್ಕೆಂದು ಅಮೆರಿಕ ಖಂಡದ ಈ ಗಿಡವನ್ನು ತಂದರು. ಅದು ತೋಟದ ಬೇಲಿ ದಾಟಿ ಬಂಡೀಪುರದಂಥ ಕಾಡುಗಳನ್ನೇ ಆವರಿಸಿತು; ಜಿಂಕೆ, ಕಾಡೆಮ್ಮೆಗಳು ಮೇಯುವ ಹುಲ್ಲಿಗೂ ಎಡೆಯಿಲ್ಲದಂತೆ ಮಾಡಿತು.

ಇನ್ನು ನೆಡುವ ಕ್ರಮ. ಶರತ್ತಿನ ಹೂವಿಗೆ ಸಿದ್ಧತೆ ಮುಂಗಾರಿನಲ್ಲಿಯೇ ಆಗಬೇಕು. ಜೂನ್ ತಿಂಗಳ ಮಳೆ ಬಿದ್ದೊಡನೆ ಗುಣಿ ತೋಡಿ ನೆಟ್ಟರೆ ಬೇಸಗೆಯೊಳಗೆ ಬೇರು ಆಳಕ್ಕಿಳಿಯುತ್ತದೆ. ತಂಗಡಿಯ ಬೀಜದ ಸಿಪ್ಪೆ ಗಟ್ಟಿ. ಒರಟು ಕಲ್ಲಿಗೆ ಕೊಂಚ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಬೇಕು. ಬುಡಕ್ಕೆ ತರಗೆಲೆಯನ್ನು ಹೊದಿಸಿದರೆ ತೇವ ಬೇಗನೆ ಆರದು. ಮೊದಲ ಬೇಸಗೆಯಲ್ಲಿ ಮಾತ್ರ ತಪ್ಪದೆ ನೀರುಣಿಸಬೇಕು. ಬೇರೂರಿದ ತಂಗಡಿ ಮುಂದೆ ಮಳೆಯನ್ನೇ ನಂಬಿ ಬಾಳಬಲ್ಲದು.

ಇದು ಬರಿಯ ಅಲಂಕಾರದ ಮಾತಲ್ಲ. ಬೇಸಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕಾಯುವ ಬೀದಿಯಲ್ಲಿ, ಹುಲ್ಲುಹಾಸಿಗೆ ಸುರಿಯುವ ಪ್ರತಿ ಕೊಡವೂ ಯಾರದೋ ಅಡಿಗೆಮನೆಯಿಂದ ಕಸಿದದ್ದು. ಮನೆ ಕಟ್ಟುವಾಗ ನಿವೇಶನದ ಮೂಲೆಯಲ್ಲಿ ತಂಗಡಿಯ ಪೊದೆಯೊಂದು ತಾನಾಗಿ ಬೆಳೆದಿದ್ದರೆ, ಅದನ್ನು ಕೀಳಿಸುವ ಮುನ್ನ ಗೃಹಸ್ಥರು ಆಶ್ವಯುಜದವರೆಗೆ ಒಮ್ಮೆ ಕಾದು ನೋಡಲಿ.